ವಿ. ಎಂ. ಘಾಟಗೆ

ವಿಷ್ಣು ಮಾಧವ ಘಾಟಗೆ (24 ಅಕ್ಟೋಬರ್ 1908 – 6 ಡಿಸೆಂಬರ್ 1991) ಭಾರತದ ವಿಮಾನ ವಿನ್ಯಾಸಕಾರರಲ್ಲಿ ಮೊದಲಿಗರು. ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸಂಸ್ಥೆಯ ಮುಖ್ಯ ವಿನ್ಯಾಸಕಾರರಾಗಿದ್ದ ಅವರು ಎಚ್‌ಟಿ-2 ತರಬೇತಿ ವಿಮಾನ, ಪುಷ್ಪಕ್ ಮತ್ತು ಕೃಷಕ್ ಎಂಬ ಲಘು ವಿಮಾನಗಳು ಹಾಗೂ ಕಿರಣ್ ಜೆಟ್ ತರಬೇತಿ ವಿಮಾನ ರೂಪುಗೊಳ್ಳಲು ಕಾರಣರಾದರು. ಭಾರತೀಯ ವಿಜ್ಞಾನ ಸಂಸ್ಥೆಯ ವೈಮಾನಿಕ ಎಂಜಿನಿಯರಿಂಗ್ ವಿಭಾಗದ ಪ್ರಥಮ ಮುಖ್ಯಸ್ಥರೂ ಅವರೇ. ಜರ್ಮನಿಯ ಸುಪ್ರಸಿದ್ಧ ವಿಜ್ಞಾನಿ ಲುಡ್ವಿಗ್ ಪ್ರಾಂಟಲ್ ಅವರ ಬಳಿ ಸಂಶೋಧನೆ ನಡೆಸಿ ಡಾಕ್ಟರೇಟ್ ಪಡೆದಿದ್ದ ಘಾಟಗೆಯವರು ಸಿದ್ಧಾಂತದಲ್ಲಿ ಅಷ್ಟು ಎತ್ತರಕ್ಕೆ ಏರಿದ್ದರೂ, ಕೈಯಲ್ಲಿ ಹಿಡಿದ ಕೆಲಸವನ್ನು ಚಿಕ್ಕ ವಿಮಾನಗಳಿಂದಲೇ ಆರಂಭಿಸಿದರು. ನಾಗರಿಕ ಹಾರಾಟಕ್ಕೂ ಸೇನೆಯ ಬಳಕೆಗೂ ಒದಗಿದ ಆ ಚಿಕ್ಕ ವಿಮಾನಗಳ ಕಥೆಯೇ ಬಹುಮಟ್ಟಿಗೆ ಅವರ ಜೀವನದ ಕಥೆ.

ಜನನ ಮತ್ತು ಶಿಕ್ಷಣ

ಘಾಟಗೆಯವರು ಹುಟ್ಟಿದ್ದು ಇಂದಿನ ಮಹಾರಾಷ್ಟ್ರದ ಕೊಲ್ಹಾಪುರ ಜಿಲ್ಲೆಯ ಗಡಹಿಂಗ್ಲಜ ತಾಲ್ಲೂಕಿನ ಹಸೂರಚಂಪು ಎಂಬ ಹಳ್ಳಿಯಲ್ಲಿ. ಗಡಹಿಂಗ್ಲಜ ಬೆಳಗಾವಿ ಜಿಲ್ಲೆಯ ಗಡಿಗೆ ತಾಗಿದ ತಾಲ್ಲೂಕು. ಸಂಕೇಶ್ವರ ಅಲ್ಲಿಗೆ ಹತ್ತಿರದ ಊರು. ಮರಾಠಿ ಮತ್ತು ಕನ್ನಡಗಳೆರಡೂ ಸಂತೆ ಬೀದಿಗಳಲ್ಲಿ ಕೇಳಿಬರುವ ಪ್ರದೇಶವದು. ಅಮೆರಿಕದಲ್ಲಿ ರೈಟ್ ಸಹೋದರರು ಮೊದಲ ಬಾರಿಗೆ ಹಾರಿದ್ದು 1903ರ ಡಿಸೆಂಬರಿನಲ್ಲಿ. ಅವರ ಯಂತ್ರವನ್ನು ಯುರೋಪಿನ ಜನ ಕಣ್ಣಾರೆ ಕಂಡು ನಂಬಿದ್ದು 1908ರ ಆಗಸ್ಟಿನಲ್ಲಿ, ಅಂದರೆ ಘಾಟಗೆಯವರು ಹುಟ್ಟುವುದಕ್ಕೆ ಎರಡು ತಿಂಗಳು ಮೊದಲು. 1911ರಲ್ಲಿ ಅಲಹಾಬಾದಿನಲ್ಲಿ ವಿಮಾನದಲ್ಲಿ ಅಂಚೆ ಸಾಗಿಸಿದಾಗ ಅವರಿನ್ನೂ ಹಸುಳೆ. ವಿಮಾನ ಎಂಬ ವಸ್ತುವೂ ಅವರೂ ಹೆಚ್ಚುಕಡಿಮೆ ಜೊತೆಯಾಗಿಯೇ ಬೆಳೆದರೆನ್ನಬಹುದು.

ಮುಂಬಯಿಯಲ್ಲಿ ವಿಜ್ಞಾನದ ಉನ್ನತ ವ್ಯಾಸಂಗ ಮುಗಿಸಿದ ಅವರು ಮುಂದಿನ ಅಧ್ಯಯನಕ್ಕೆ ಜರ್ಮನಿಗೆ ತೆರಳಿದರು. ಆ ಕಾಲದ ಭಾರತೀಯ ವಿದ್ಯಾರ್ಥಿಗಳಲ್ಲಿ ಬಹುಪಾಲು ಮಂದಿ ಇಂಗ್ಲೆಂಡಿನ ದಾರಿ ಹಿಡಿಯುತ್ತಿದ್ದರು. ಆದರೆ ಗಾಳಿಯ ಚಲನೆಯನ್ನು ಶಾಸ್ತ್ರೀಯವಾಗಿ ಅರಿಯಬೇಕೆಂಬವರಿಗೆ ಜಗತ್ತಿನಲ್ಲಿ ಗಾಟಿಂಗೆನ್ ವಿಶ್ವವಿದ್ಯಾಲಯಕ್ಕೆ ಸಮನಾದ ಸ್ಥಳ ಇನ್ನೊಂದಿರಲಿಲ್ಲ. ಅಲ್ಲಿ ಪ್ರಾಂಟಲ್ ಇದ್ದರು.

ಪ್ರಾಂಟಲ್ ಅವರ ಶಿಷ್ಯತ್ವ

ಲುಡ್ವಿಗ್ ಪ್ರಾಂಟಲ್ 1904ರಲ್ಲಿ ಹೈಡೆಲ್‌ಬರ್ಗ್‌ನ ಗಣಿತಜ್ಞರ ಸಮ್ಮೇಳನದಲ್ಲಿ ಮಂಡಿಸಿದ ಒಂದು ಚಿಕ್ಕ ಪ್ರಬಂಧ ಆಧುನಿಕ ವಾಯುಬಲ ವಿಜ್ಞಾನಕ್ಕೆ ಬುನಾದಿಯಾಯಿತು. ಅದರ ತಿರುಳನ್ನು ಮಲೆನಾಡಿನ ಯಾವುದೇ ಹೊಳೆಯ ಬಳಿ ನಿಂತು ತಿಳಿಯಬಹುದು. ಹೊಳೆಯ ನಡುವೆ ನೀರು ರಭಸದಿಂದ ಸಾಗುತ್ತಿರುತ್ತದೆ. ದಡದ ಕಡೆಗೆ ಬಂದಂತೆ ಅದು ನಿಧಾನವಾಗುತ್ತದೆ. ದಂಡೆಯ ಕಲ್ಲಿಗೆ ತಾಗಿದ ನೀರು ಚಲಿಸದೆ ಅಂಟಿಕೊಂಡಿರುತ್ತದೆ. ವಿಮಾನದ ರೆಕ್ಕೆಯ ಮೇಲೆ ಹರಿಯುವ ಗಾಳಿಯದೂ ಇದೇ ಪರಿ. ರೆಕ್ಕೆಗೆ ಅಂಟಿದ ಗಾಳಿಯ ತೆಳುವಾದ ಪದರದಲ್ಲಿ ಮಾತ್ರ ಘರ್ಷಣೆಯ ಪ್ರಭಾವ ಗಣನೀಯ. ಅದರಾಚೆಗೆ ಗಾಳಿಯನ್ನು ಘರ್ಷಣೆಯಿಲ್ಲದ ದ್ರವವೆಂದೇ ಎಣಿಸಿ ಲೆಕ್ಕ ಹಾಕಬಹುದು. ಈ ತೆಳುಪದರಕ್ಕೆ ಗಡಿಪದರ ಎಂದು ಹೆಸರು. ರೆಕ್ಕೆ ತೀರಾ ಮೇಲ್ಮುಖವಾದಾಗ ಈ ಪದರ ರೆಕ್ಕೆಯಿಂದ ಕಳಚಿಕೊಳ್ಳುತ್ತದೆ, ಆಗ ವಿಮಾನವನ್ನು ಎತ್ತಿಹಿಡಿದ ಬಲ ಒಮ್ಮೆಲೇ ಕುಸಿಯುತ್ತದೆ. ವಿಮಾನ ಏಕೆ ಹಾರುತ್ತದೆ ಎನ್ನುವುದಕ್ಕಿಂತಲೂ ಏಕೆ ಬೀಳುತ್ತದೆ ಎಂಬುದಕ್ಕೆ ಸಮಾಧಾನಕರ ಉತ್ತರ ದೊರೆತದ್ದು ಈ ಚಿಂತನೆಯಿಂದ.

ಥಿಯೊಡೋರ್ ಫಾನ್ ಕಾರ್ಮಾನ್, ಬ್ಲಾಸಿಯಸ್, ಟೋಲ್‌ಮೀನ್, ಷ್ಲಿಖ್ಟಿಂಗ್ ಮೊದಲಾದವರು ಪ್ರಾಂಟಲ್ ಅವರ ಶಿಷ್ಯವರ್ಗದವರು. ಘಾಟಗೆಯವರು ಈ ಪರಂಪರೆಗೆ ಸೇರಿದ ಭಾರತೀಯರು. 1936ರಲ್ಲಿ ಅವರಿಗೆ ಡಾಕ್ಟರೇಟ್ ದೊರೆಯಿತು. ಆ ವೇಳೆಗೆ ಜರ್ಮನಿಯಲ್ಲಿ ಹಿಟ್ಲರನ ಆಡಳಿತ ಬಂದು ಮೂರು ವರ್ಷಗಳಾಗಿದ್ದವು. ಗಾಟಿಂಗೆನ್ನಿನ ಹಲವು ಶ್ರೇಷ್ಠ ಗಣಿತಜ್ಞರು ಹುದ್ದೆ ಕಳೆದುಕೊಂಡು ದೇಶ ಬಿಟ್ಟಿದ್ದರು. ಘಾಟಗೆಯವರು ವಿದ್ಯೆಯನ್ನು ಗಳಿಸಿಕೊಂಡು ಸ್ವದೇಶಕ್ಕೆ ಮರಳಿದರು. ಆದರೆ ಆ ವಿದ್ಯೆಗೆ ತಕ್ಕ ಕೆಲಸ ಇಲ್ಲಿರಲಿಲ್ಲ. ವಿಮಾನ ಕಟ್ಟುವ ಒಂದು ಕಾರ್ಖಾನೆಯೂ ಇಲ್ಲದ ದೇಶದಲ್ಲಿ ವಿಮಾನ ಶಾಸ್ತ್ರದ ಪಂಡಿತನಿಗೆ ಏನು ಕೆಲಸ?

ಬೆಂಗಳೂರಿನ ಕಾರ್ಖಾನೆ

ಆ ಕಾರ್ಖಾನೆ ಬಂದದ್ದು ಯುದ್ಧದ ನೆಪದಲ್ಲಿ. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರು ಅಮೆರಿಕದ ವಿಲಿಯಂ ಪಾಲಿ ಎಂಬ ವಿಮಾನ ವ್ಯಾಪಾರಿಯ ಸಹಕಾರ ಪಡೆದು, ಮೈಸೂರು ಸಂಸ್ಥಾನವನ್ನು ಪಾಲುದಾರನನ್ನಾಗಿ ಮಾಡಿಕೊಂಡು, 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ಸ್ಥಾಪಿಸಿದರು. ದಿವಾನ್ ಮಿರ್ಜಾ ಇಸ್ಮಾಯಿಲ್ ಅವರು ಈ ಯೋಜನೆಗೆ ಬೆಂಬಲವಾಗಿ ನಿಂತರು. ಸಮುದ್ರತೀರದಿಂದ ದೂರವಿದ್ದ, ಶಿವನಸಮುದ್ರದ ವಿದ್ಯುತ್ ದೊರೆಯುತ್ತಿದ್ದ, ವಿಜ್ಞಾನ ಸಂಸ್ಥೆಯಿದ್ದ ಬೆಂಗಳೂರು ಇಂಥ ಕೆಲಸಕ್ಕೆ ಒಪ್ಪುವ ಊರಾಗಿತ್ತು. ಘಾಟಗೆಯವರು ಆರಂಭದ ದಿನಗಳಲ್ಲಿಯೇ ಈ ಸಂಸ್ಥೆಯನ್ನು ಸೇರಿದರು.

ಕಾರ್ಖಾನೆಯ ಮೊದಲ ಕೆಲಸ ಅಮೆರಿಕದಿಂದ ಬಂದ ಬಿಡಿಭಾಗಗಳನ್ನು ಜೋಡಿಸುವುದು. ಹಾರ್ಲೋ ಎಂಬ ತರಬೇತಿ ವಿಮಾನ, ಕರ್ಟಿಸ್ ಹಾಕ್ ಎಂಬ ಯುದ್ಧ ವಿಮಾನ, ವಲ್ಟೀ ಎಂಬ ಬಾಂಬರ್ ಇವು ಅಲ್ಲಿ ಜೋಡಣೆಗೊಂಡವು. ಮೊದಲ ಹಾರ್ಲೋ ವಿಮಾನ 1941ರಲ್ಲಿ ಬೆಂಗಳೂರಿನಿಂದ ಹಾರಿತು. ಇದು ಸಣ್ಣ ಸಾಧನೆಯೇನಲ್ಲ. ಆದರೆ ಮೇಲ್ಪಂಕ್ತಿ ನೋಡಿ ಕಾಪಿ ಬರೆಯುವುದಕ್ಕೂ ಸ್ವಂತ ವಾಕ್ಯ ರಚಿಸುವುದಕ್ಕೂ ಇರುವ ವ್ಯತ್ಯಾಸ ಇಲ್ಲಿಯೂ ಇತ್ತು. ಸ್ವಂತ ವಾಕ್ಯದ ಮೊದಲ ಪ್ರಯತ್ನ ಅದೇ ಅವಧಿಯಲ್ಲಿ ನಡೆಯಿತು: ಹತ್ತು ಮಂದಿ ಸೈನಿಕರು ಕುಳಿತು ಸಾಗಬಹುದಾದ, ಎಂಜಿನ್ ಇಲ್ಲದ ಒಂದು ಗ್ಲೈಡರ್. ಘಾಟಗೆಯವರು ಇದರ ವಿನ್ಯಾಸದಲ್ಲಿ ಮುಖ್ಯ ಪಾತ್ರ ವಹಿಸಿದರು. ಗ್ಲೈಡರ್ ಹಾರಿತು, ಆದರೆ ಅದರ ತಯಾರಿಕೆ ಮುಂದುವರಿಯಲಿಲ್ಲ.

ಜಪಾನ್ ಯುದ್ಧಕ್ಕಿಳಿದು ಬರ್ಮಾ ಪತನವಾಗುತ್ತಿದ್ದಂತೆ ಸರ್ಕಾರ ಕಾರ್ಖಾನೆಯ ಆಡಳಿತವನ್ನು ತನ್ನ ಕೈಗೆ ತೆಗೆದುಕೊಂಡಿತು. 1943ರಲ್ಲಿ ಅದು ಅಮೆರಿಕದ ಸೇನಾ ವಾಯುಪಡೆಯ ನಿರ್ವಹಣೆಗೆ ಒಳಪಟ್ಟು, ದುರಸ್ತಿ ಮತ್ತು ಓವರ್‌ಹಾಲ್ ಕೇಂದ್ರವಾಗಿ ಮಾರ್ಪಟ್ಟಿತು. ಎರಡು ಎಂಜಿನ್‌ಗಳ ಡಕೋಟಾಗಳು, ನೀರಿನ ಮೇಲೂ ಇಳಿಯುವ ಎರಡು ಎಂಜಿನ್‌ಗಳ ಕ್ಯಾಟಲೀನಾಗಳು ಇಲ್ಲಿ ಬಿಚ್ಚಿ, ತೊಳೆದು, ಮತ್ತೆ ಜೋಡಿಸಲ್ಪಟ್ಟವು. ಸಾವಿರಾರು ಕನ್ನಡಿಗ ಕೆಲಸಗಾರರ ಕೈಗಳು ವಿಮಾನದ ಒಳಹೊರಗನ್ನು ಪರಿಚಯ ಮಾಡಿಕೊಂಡವು. ವಿನ್ಯಾಸಕ್ಕೆ ಮಾತ್ರ ಅಲ್ಲಿ ಸದ್ಯಕ್ಕೆ ಎಡೆಯಿರಲಿಲ್ಲ.

ವಿಜ್ಞಾನ ಸಂಸ್ಥೆಯಲ್ಲಿ

1942ರ ಡಿಸೆಂಬರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವೈಮಾನಿಕ ಎಂಜಿನಿಯರಿಂಗ್ ವಿಭಾಗ ಆರಂಭವಾಯಿತು. ಅದರ ಮುಖ್ಯಸ್ಥರಾಗಿ ಘಾಟಗೆಯವರು ನೇಮಕಗೊಂಡರು. ದೇಶದಲ್ಲಿ ಈ ವಿಷಯದ ಬೋಧನೆಗೆ ಮೊದಲ ಮೇಲ್ಪಂಕ್ತಿ ಹಾಕಿಕೊಟ್ಟದ್ದು ಈ ವಿಭಾಗ. ಕಾರ್ಖಾನೆ ಮತ್ತು ವಿದ್ಯಾಲಯ ಒಂದೇ ಊರಿನಲ್ಲಿದ್ದು, ಎರಡನ್ನೂ ಬಲ್ಲ ಒಬ್ಬ ವ್ಯಕ್ತಿ ನಡುವೆ ಇದ್ದುದು ಬೆಂಗಳೂರಿನ ಭಾಗ್ಯ. ಈ ಅಂಶಕ್ಕೆ ಸಲ್ಲಬೇಕಾದಷ್ಟು ಮಹತ್ವ ಸಂದಿಲ್ಲ. ಬೆಂಗಳೂರು ಮುಂದೆ ವಿಮಾನ ಮತ್ತು ಬಾಹ್ಯಾಕಾಶ ಸಂಶೋಧನೆಯ ಕೇಂದ್ರವಾದುದನ್ನು ವಿವರಿಸುವವರು ಸಾಮಾನ್ಯವಾಗಿ 1950ರ ದಶಕದಿಂದ ಆರಂಭಿಸುತ್ತಾರೆ. ಬೀಜ ಬಿದ್ದದ್ದು ಅದಕ್ಕಿಂತ ಹಿಂದೆ.

ಮುಂದೆ ಇದೇ ವಿಭಾಗದಲ್ಲಿ ಪ್ರಾಂಟಲ್ ಅವರ ಇನ್ನೊಬ್ಬ ಶಿಷ್ಯ ಟೀಟ್ಯೆನ್ಸ್ ಕೆಲಸ ಮಾಡಿದರು, 1950ರ ದಶಕದಲ್ಲಿ ಸತೀಶ್ ಧವನ್ ಮುಖ್ಯಸ್ಥರಾದರು. ಅಷ್ಟರಲ್ಲಿ ಘಾಟಗೆಯವರು ಮರಳಿ ಕಾರ್ಖಾನೆಗೆ ಹೋಗಿದ್ದರು.

ಎಚ್‌ಟಿ-2

ಸ್ವಾತಂತ್ರ್ಯ ಬಂದಾಗ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸಂಸ್ಥೆಯ ಸ್ಥಿತಿ ವಿಚಿತ್ರವಾಗಿತ್ತು. ಯುದ್ಧ ಮುಗಿದು ದುರಸ್ತಿಯ ಕೆಲಸ ಇಳಿಮುಖವಾಗಿತ್ತು. ಇದ್ದ ಕೆಲಸಗಾರರನ್ನೂ ಯಂತ್ರಗಳನ್ನೂ ಸುಮ್ಮನೆ ಕೂರಿಸಲಾಗದೆ ರೈಲಿನ ಲೋಹದ ಬೋಗಿಗಳನ್ನೂ ಬಸ್ಸಿನ ಮೈಕಟ್ಟುಗಳನ್ನೂ ತಯಾರಿಸಲಾಗುತ್ತಿತ್ತು. ಯುದ್ಧಾನಂತರ ಕಾನ್ಪುರದಲ್ಲಿ ಒಡೆದುಹಾಕಿ ಬಿಟ್ಟುಹೋಗಿದ್ದ ನಾಲ್ಕು ಎಂಜಿನ್‌ಗಳ ಲಿಬರೇಟರ್ ಬಾಂಬರ್‌ಗಳನ್ನು ಹಾರುವಷ್ಟು ಸರಿಪಡಿಸಿ, ಪರೀಕ್ಷಾ ಪೈಲಟ್ ಜಮ್‌ಷೆಡ್ ಕೈಕೋಬಾದ್ ಮುನ್ಷಿ ಬೆಂಗಳೂರಿಗೆ ತಂದರು. ಕಾರ್ಖಾನೆ ಅವುಗಳಿಗೆ ಮರುಜೀವ ಕೊಟ್ಟಿತು. ಕೈಚಳಕಕ್ಕೆ ಕೊರತೆಯಿರಲಿಲ್ಲ. ಕೊರತೆಯಿದ್ದದ್ದು ಕಾಗದದ ಮೇಲೆ ಹೊಸತನ್ನು ಬರೆಯುವ ಧೈರ್ಯಕ್ಕೆ.

1948ರಲ್ಲಿ ಘಾಟಗೆಯವರು ಮುಖ್ಯ ವಿನ್ಯಾಸಕಾರರಾಗಿ ಸಂಸ್ಥೆಗೆ ಹಿಂದಿರುಗಿದರು. ಆರಂಭಕ್ಕೆ ಆಯ್ದುಕೊಂಡದ್ದು ಪೈಲಟ್‌ಗಳಿಗೆ ಅಕ್ಷರಾಭ್ಯಾಸ ಮಾಡಿಸುವ ಪ್ರಾಥಮಿಕ ತರಬೇತಿ ವಿಮಾನ. ವಾಯುಪಡೆ ಅದುವರೆಗೆ ಮರ ಮತ್ತು ಬಟ್ಟೆಯಿಂದ ಮಾಡಿದ, ಎರಡು ಅಂತಸ್ತಿನ ರೆಕ್ಕೆಗಳ ಟೈಗರ್ ಮಾತ್ ವಿಮಾನಗಳನ್ನೂ, ಬ್ರಿಟಿಷ್ ಪರವಾನಗಿಯಿಂದ ಬೆಂಗಳೂರಿನಲ್ಲಿ ತಯಾರಾಗುತ್ತಿದ್ದ ಪ್ರೆಂಟಿಸ್ ವಿಮಾನಗಳನ್ನೂ ಬಳಸುತ್ತಿತ್ತು. ಇವುಗಳ ಸ್ಥಾನದಲ್ಲಿ ಸ್ವಂತದ್ದೊಂದು ಬರಬೇಕೆಂಬುದು ಉದ್ದೇಶ. ಹಿಂದೂಸ್ತಾನ್ ಟ್ರೈನರ್ ಎಂಬುದರ ಸಂಕ್ಷೇಪವಾಗಿ ಅದಕ್ಕೆ ಎಚ್‌ಟಿ-2 ಎಂಬ ಹೆಸರು ಬಂತು.

ತರಬೇತಿ ವಿಮಾನವೆಂದರೆ ಸುಲಭದ ವಿಮಾನ ಎಂಬ ಭಾವನೆ ಸರಿಯಲ್ಲ. ಕಲಿಯುವವನು ನೆಲಕ್ಕೆ ಅಪ್ಪಳಿಸಿದಂತೆ ಇಳಿಸುತ್ತಾನೆ, ವೇಗ ಕಳೆದುಕೊಳ್ಳುತ್ತಾನೆ, ಗಿರಕಿಗೆ ಸಿಲುಕುತ್ತಾನೆ. ಇವೆಲ್ಲವನ್ನೂ ವಿಮಾನ ತಾಳಿಕೊಳ್ಳಬೇಕು. ಹಾಗೆಂದು ತಪ್ಪನ್ನು ಪೂರ್ತಿಯಾಗಿ ಮುಚ್ಚಿಹಾಕಿದರೆ ಕಲಿಯುವವನು ಕಲಿಯುವುದೇ ಇಲ್ಲ. ತಪ್ಪು ಮಾಡಿದಾಗ ಅದು ತಿಳಿಯುವಂತೆಯೂ ಇರಬೇಕು, ತಿದ್ದಿಕೊಳ್ಳಲು ಸಮಯವನ್ನೂ ಕೊಡಬೇಕು. ಒಳ್ಳೆಯ ಉಪಾಧ್ಯಾಯರಲ್ಲಿ ಅಪೇಕ್ಷಿಸುವ ಗುಣಗಳೇ ಇವು. ಇದರ ಜೊತೆಗೆ ಅಗ್ಗವಾಗಿರಬೇಕು, ಬೇಸಿಗೆಯ ಬಿಸಿಯಲ್ಲಿ, ಮಳೆಗಾಲದ ತೇವದಲ್ಲಿ ದಿನವೂ ಹಾರಬೇಕು. ಮರ ಮತ್ತು ಬಟ್ಟೆ ನಮ್ಮ ಹವೆಗೆ ಬೇಗ ಹಾಳಾಗುತ್ತವೆ. ಆದುದರಿಂದ ಎಚ್‌ಟಿ-2 ವಿಮಾನದ ಮೈಯನ್ನು ಸಂಪೂರ್ಣ ಲೋಹದಿಂದ ರಚಿಸಲಾಯಿತು. ಕೆಳಭಾಗದಲ್ಲಿ ಒಂದೇ ಜೊತೆ ರೆಕ್ಕೆ, ಹಿಂದೆ ಮುಂದೆ ಎರಡು ಆಸನ, ಎರಡೂ ಕಡೆ ನಿಯಂತ್ರಣ, ಮಡಚಿಕೊಳ್ಳದ ಚಕ್ರಗಳು, ಬಾಲದಡಿ ಒಂದು ಚಿಕ್ಕ ಚಕ್ರ. ಉತ್ಪಾದನೆಯಾದ ವಿಮಾನಗಳಿಗೆ 155 ಅಶ್ವಶಕ್ತಿಯ ಬ್ರಿಟಿಷ್ ಸಿರಸ್ ಮೇಜರ್ ಎಂಜಿನ್.

1951ರ ಆಗಸ್ಟ್ 5ರಂದು ಎಚ್‌ಟಿ-2 ವಿಮಾನದ ಮೂಲಮಾದರಿ ಬೆಂಗಳೂರಿನಲ್ಲಿ ಮೊದಲ ಬಾರಿಗೆ ಹಾರಿತು. ಅದನ್ನು ಹಾರಿಸಿದವರು ಲಿಬರೇಟರ್‌ಗಳನ್ನು ಕಾನ್ಪುರದಿಂದ ತಂದಿದ್ದ ಅದೇ ಮುನ್ಷಿ. ಭಾರತದಲ್ಲಿ ವಿನ್ಯಾಸಗೊಂಡು, ಭಾರತದಲ್ಲಿ ತಯಾರಾಗಿ, ಸಂಖ್ಯೆಯಲ್ಲಿ ಉತ್ಪಾದನೆಗೆ ಹೋದ ಮೊದಲ ವಿಮಾನ ಇದು. ಒಟ್ಟು 150ಕ್ಕೂ ಹೆಚ್ಚು ವಿಮಾನಗಳು ನಿರ್ಮಾಣವಾದವು. ವಾಯುಪಡೆಯ ತರಬೇತಿ ಶಾಲೆಗಳಲ್ಲಿ ಮಾತ್ರವಲ್ಲದೆ ನಾಗರಿಕ ಪೈಲಟ್‌ಗಳ ತರಬೇತಿಯಲ್ಲಿಯೂ ಇವು ಬಳಕೆಗೆ ಬಂದವು. 1959ರಲ್ಲಿ ಆಗತಾನೆ ಸ್ವತಂತ್ರವಾಗಿದ್ದ ಆಫ್ರಿಕದ ಘಾನಾ ದೇಶ ತನ್ನ ವಾಯುಪಡೆಯನ್ನು ಕಟ್ಟುವಾಗ 12 ಎಚ್‌ಟಿ-2 ವಿಮಾನಗಳನ್ನು ಪಡೆಯಿತು. ಹನ್ನೆರಡು ವರ್ಷಗಳ ಹಿಂದೆ ರೈಲಿನ ಬೋಗಿ ಮಾಡುತ್ತಿದ್ದ ಕಾರ್ಖಾನೆಯಿಂದ ಇನ್ನೊಂದು ದೇಶಕ್ಕೆ ವಿಮಾನಗಳು ಹೋದವು.

ಎಚ್‌ಟಿ-2 ಮೂರು ದಶಕಗಳಿಗೂ ಹೆಚ್ಚು ಕಾಲ ಸೇವೆಯಲ್ಲಿತ್ತು. ಉತ್ತರಾಧಿಕಾರಿಯಾಗಬೇಕಿದ್ದ ವಿಮಾನ ತಡವಾದಾಗ ಹಲವಕ್ಕೆ ಅಮೆರಿಕದ ಲೈಕಮಿಂಗ್ ಎಂಜಿನ್ ಅಳವಡಿಸಿ ಆಯುಷ್ಯವನ್ನು ಹೆಚ್ಚಿಸಲಾಯಿತು. ವಾಯುಪಡೆಯ ಅನೇಕ ತಲೆಮಾರುಗಳ ಪೈಲಟ್‌ಗಳು ಮೊದಲು ಒಂಟಿಯಾಗಿ ಹಾರಿದ್ದು ಇದರಲ್ಲಿಯೇ.

ಪುಷ್ಪಕ್

ವಾಯುಪಡೆಯ ಶಿಷ್ಯನಿಗೆ ಸರ್ಕಾರ ವಿಮಾನ ಕೊಡುತ್ತದೆ. ಹಾರಲು ಬಯಸುವ ಸಾಮಾನ್ಯ ಯುವಕ ಯುವತಿಯರಿಗೆ ಯಾರು ಕೊಡಬೇಕು? ದೇಶದ ಫ್ಲೈಯಿಂಗ್ ಕ್ಲಬ್‌ಗಳಲ್ಲಿ ಯುದ್ಧಕಾಲದ ಹಳೆಯ ವಿಮಾನಗಳು ಸವೆದುಹೋಗುತ್ತಿದ್ದವು. ಇವುಗಳ ಅಗತ್ಯಕ್ಕೆಂದು ರೂಪುಗೊಂಡದ್ದು ಪುಷ್ಪಕ್. 1958ರ ಸೆಪ್ಟೆಂಬರ್ 28ರಂದು ಅದು ಮೊದಲು ಹಾರಿತು.

ಪುಷ್ಪಕ್ ವಿಮಾನದ ಸ್ವಭಾವ ಎಚ್‌ಟಿ-2 ವಿಮಾನಕ್ಕಿಂತ ಬೇರೆ. ರೆಕ್ಕೆ ತಲೆಯ ಮೇಲೆ, ಅದಕ್ಕೆ ಕೆಳಗಿನಿಂದ ಊರೆ. ಗುರುಶಿಷ್ಯರು ಅಕ್ಕಪಕ್ಕದಲ್ಲಿ ಕೂರುತ್ತಾರೆ. ಉಕ್ಕಿನ ಕೊಳವೆಗಳ ಚೌಕಟ್ಟಿಗೆ ಬಟ್ಟೆಯ ಹೊದಿಕೆ. 90 ಅಶ್ವಶಕ್ತಿಯ ಕಾಂಟಿನೆಂಟಲ್ ಎಂಜಿನ್. ಅಮೆರಿಕದ ಏರೋಂಕಾ ಚೀಫ್ ಎಂಬ ವಿಮಾನದ ಮಾದರಿಯನ್ನು ಅದು ಬಹುಮಟ್ಟಿಗೆ ಅನುಸರಿಸಿತ್ತು, ಹಾಗಾಗಿ ಸ್ವಂತಿಕೆಯ ದೃಷ್ಟಿಯಿಂದ ಎಚ್‌ಟಿ-2 ವಿಮಾನದ ಸಾಲಿಗೆ ಬರುವುದಿಲ್ಲ. ಆದರೆ ಉಪಯುಕ್ತತೆಯಲ್ಲಿ ಅದು ಹಿಂದೆ ಬೀಳಲಿಲ್ಲ. ಸುಮಾರು 160 ಪುಷ್ಪಕ್‌ಗಳು ತಯಾರಾಗಿ ದೇಶದಾದ್ಯಂತ ಫ್ಲೈಯಿಂಗ್ ಕ್ಲಬ್‌ಗಳಿಗೆ ಹೋದವು. ಲಂಕೆಯಿಂದ ಅಯೋಧ್ಯೆಗೆ ರಾಮನನ್ನು ಕರೆತಂದ ವಿಮಾನದ ಹೆಸರನ್ನು ಇಬ್ಬರೇ ಕೂರಬಲ್ಲ ಈ ಬಟ್ಟೆಯ ವಿಮಾನಕ್ಕೆ ಇಟ್ಟದ್ದರಲ್ಲಿ ಒಂದಿಷ್ಟು ಹಾಸ್ಯವೂ ಇದೆ.

ಕೃಷಕ್

ಪುಷ್ಪಕ್ ವಿಮಾನವನ್ನೇ ಹಿಗ್ಗಿಸಿ, ಹೆಚ್ಚು ಶಕ್ತಿಯ ಎಂಜಿನ್ ಕೂರಿಸಿ ಮಾಡಿದ್ದು ಕೃಷಕ್. ಇದರ ಮೂಲಮಾದರಿ 1959ರ ನವೆಂಬರಿನಲ್ಲಿ ಹಾರಿತು. ಹೆಸರೇ ಹೇಳುವಂತೆ ಇದು ರೈತ. ಆದರೆ ಆ ರೂಪದಲ್ಲಿ ಅದು ಉತ್ಪಾದನೆಗೆ ಹೋಗಲಿಲ್ಲ. ಅದೇ ಸಮಯಕ್ಕೆ ಭೂಸೇನೆಗೆ ವೀಕ್ಷಣಾ ವಿಮಾನದ ಅಗತ್ಯ ಎದುರಾಗಿತ್ತು. ಬ್ರಿಟಿಷ್ ಆಸ್ಟರ್ ವಿಮಾನಗಳು ಆ ಕೆಲಸ ಮಾಡುತ್ತಿದ್ದವು. ಕೃಷಕ್ ಅದಕ್ಕೆ ತಕ್ಕಂತೆ ಮಾರ್ಪಾಡಾಯಿತು. 225 ಅಶ್ವಶಕ್ತಿಯ ಎಂಜಿನ್, ಮುಂದೆ ಎರಡು ಆಸನ, ಹಿಂದೆ ತಿರುಗುವ ಮೂರನೆಯ ಆಸನ.

ಈ ವಿಮಾನದ ಕೆಲಸವೇನೆಂದು ತಿಳಿಸುವುದು ಅಗತ್ಯ. ಫಿರಂಗಿದಳದವರಿಗೆ ತಾವು ಹಾರಿಸಿದ ಗುಂಡು ಎಲ್ಲಿ ಬಿತ್ತೆಂದು ಗುಡ್ಡದ ಈಚೆಯಿಂದ ಕಾಣುವುದಿಲ್ಲ. ಚಿಕ್ಕ ವಿಮಾನದಲ್ಲಿ ತಗ್ಗಿನಲ್ಲಿ, ನಿಧಾನವಾಗಿ ಹಾರುವ ಅಧಿಕಾರಿ ಅದನ್ನು ನೋಡಿ, ಎಡಕ್ಕೆ ಎಷ್ಟು, ಬಲಕ್ಕೆ ಎಷ್ಟು ಎಂದು ರೇಡಿಯೊದಲ್ಲಿ ತಿದ್ದುತ್ತಾನೆ. ವಿಮಾನಕ್ಕೆ ಆಯುಧವಿರುವುದಿಲ್ಲ, ಕವಚವೂ ಇಲ್ಲ. ಸರಿಯಾದ ರನ್‌ವೇ ಬೇಕಿಲ್ಲ. ಹೊಲದ ಬದಿಯ ಸಮತಟ್ಟು ನೆಲ ಸಾಕು. ನಿಧಾನವೇ ಇದರ ಗುಣ, ನಿಧಾನವೇ ಇದರ ಅಪಾಯ. ಇವನ್ನು ಹಾರಿಸುತ್ತಿದ್ದವರು ಫಿರಂಗಿದಳದ ಅಧಿಕಾರಿಗಳೇ.

1965ರಿಂದ ಉತ್ಪಾದನೆಯಾಗಿ ಒಟ್ಟು 68 ಕೃಷಕ್‌ಗಳು ಸೇನೆಯನ್ನು ಸೇರಿದವು. ಅವುಗಳ ಹೆಸರು ಇತಿಹಾಸದಲ್ಲಿ ಉಳಿದದ್ದು 1971ರ ಡಿಸೆಂಬರ್ 5ರ ಬೆಳಗಿನಿಂದ. ರಾಜಸ್ಥಾನದ ಲೋಂಗೆವಾಲಾ ಠಾಣೆಯ ಮೇಲೆ ಪಾಕಿಸ್ತಾನದ ಟ್ಯಾಂಕ್‌ಗಳ ದೊಡ್ಡ ಪಡೆ ರಾತ್ರಿಯಲ್ಲಿ ಏರಿಬಂದಿತ್ತು. ಠಾಣೆಯಲ್ಲಿದ್ದದ್ದು ಮೇಜರ್ ಕುಲದೀಪ್ ಸಿಂಗ್ ಚಾಂದ್‌ಪುರಿಯವರ ನೇತೃತ್ವದ ಪಂಜಾಬ್ ರೆಜಿಮೆಂಟಿನ ಒಂದು ಕಂಪನಿ ಮಾತ್ರ. ಬೆಳಕು ಹರಿದೊಡನೆ ಜೈಸಲ್ಮೇರಿನಿಂದ ಹಂಟರ್ ಯುದ್ಧ ವಿಮಾನಗಳು ಬಂದವು. ಮರಳುಗಾಡಿನ ಮೇಲೆ ಒಂದು ಕೃಷಕ್‌ನಲ್ಲಿ ಹಾರುತ್ತಿದ್ದ ಮೇಜರ್ ಆತ್ಮಾ ಸಿಂಗ್ ಅವರು ಹಂಟರ್‌ಗಳಿಗೆ ಟ್ಯಾಂಕ್‌ಗಳ ನೆಲೆಯನ್ನು ತೋರಿಸಿಕೊಟ್ಟರು. ಅವರಿಗೆ ವೀರಚಕ್ರ ದೊರೆಯಿತು. ಲೋಂಗೆವಾಲಾ ಕುರಿತು ಚಲನಚಿತ್ರವೂ ಬಂದಿದೆ. ಆದರೆ ಅಲ್ಲಿದ್ದ ಆ ಬೆಂಗಳೂರಿನ ಚಿಕ್ಕ ವಿಮಾನ ಜನರ ನೆನಪಿನಲ್ಲಿ ಇಲ್ಲ.

1970ರ ದಶಕದ ಮಧ್ಯದ ಹೊತ್ತಿಗೆ ಚೀತಾ ಹೆಲಿಕಾಪ್ಟರ್‌ಗಳು ಬಂದು ಕೃಷಕ್ ಹಿಂದೆ ಸರಿಯಿತು. ಈ ವೀಕ್ಷಣಾ ತುಕಡಿಗಳಿಂದಲೇ 1986ರ ನವೆಂಬರ್ 1ರಂದು ಭೂಸೇನೆಯ ಸ್ವಂತ ವಿಮಾನದಳ ರಚನೆಯಾಯಿತು. ಬೆಳೆಗೆ ಔಷಧಿ ಸಿಂಪಡಿಸುವ ನಿಜವಾದ ಕೃಷಿ ವಿಮಾನ ಬೇರೆಯೇ ಬಂತು: 1972ರಲ್ಲಿ ಹಾರಿದ ಬಸಂತ್.

ಮಾರುತ್ ಮತ್ತು ಕಿರಣ್

1956ರಲ್ಲಿ ಜರ್ಮನಿಯ ಖ್ಯಾತ ವಿನ್ಯಾಸಕಾರ ಕುರ್ಟ್ ಟ್ಯಾಂಕ್ ಬೆಂಗಳೂರಿಗೆ ಬಂದರು. ಸ್ವದೇಶಿ ಜೆಟ್ ಯುದ್ಧ ವಿಮಾನವನ್ನು ನಿರ್ಮಿಸಬೇಕೆಂಬುದು ನೆಹರೂ ಸರ್ಕಾರದ ಆಶಯ. ಆ ಹೊತ್ತಿಗೆ ಕಾರ್ಖಾನೆಯ ವಿನ್ಯಾಸ ವಿಭಾಗದಲ್ಲಿದ್ದವರು ಒಟ್ಟು 54 ಮಂದಿ. ಅನುಭವವುಳ್ಳ ಹಿರಿಯ ವಿನ್ಯಾಸಕಾರರು ಮೂವರೇ. ಎಚ್‌ಟಿ-2 ಇಲ್ಲದೆ ಹೋಗಿದ್ದರೆ ಈ 54 ಮಂದಿಯೂ ಇರುತ್ತಿರಲಿಲ್ಲ. 150 ಅಶ್ವಶಕ್ತಿಯ ತರಬೇತಿ ವಿಮಾನದಿಂದ ಶಬ್ದದ ವೇಗವನ್ನು ಸಮೀಪಿಸುವ ಯುದ್ಧ ವಿಮಾನಕ್ಕೆ ಒಂದೇ ನೆಗೆತ. ಘಾಟಗೆಯವರ ಕ್ರಮ ಮೆಟ್ಟಿಲು ಹತ್ತುವ ಕ್ರಮ. ರಾಷ್ಟ್ರದ ಅಗತ್ಯ ಮತ್ತು ಆತುರ ಬೇರೆಯಾಗಿತ್ತು. ಎರಡರಲ್ಲಿ ಯಾವುದು ಸರಿಯಾಗಿತ್ತು ಎಂಬ ಚರ್ಚೆ ಇಂದಿಗೂ ಮುಗಿದಿಲ್ಲ.

ಮಾರುತ್ ಎಂದು ಹೆಸರು ಪಡೆದ ಆ ವಿಮಾನ 1961ರ ಜೂನ್ ತಿಂಗಳಲ್ಲಿ ಹಾರಿತು. ಹಾರಿಸಿದವರು ಸುರಂಜನ್ ದಾಸ್. ಅದರಲ್ಲಿದ್ದದ್ದು ಎರಡು ಆರ್ಫಿಯಸ್ ಎಂಜಿನ್‌ಗಳು. ವಿನ್ಯಾಸಕ್ಕೆ ತಕ್ಕ, ಇನ್ನೂ ಬಲವಾದ ಎಂಜಿನ್ ಬ್ರಿಟನ್ನಿನಿಂದ ಬರಲಿಲ್ಲ, ಬೇರೆಲ್ಲಿಯೂ ಸಿಗಲಿಲ್ಲ. ಒಟ್ಟು 147 ಮಾರುತ್‌ಗಳು ನಿರ್ಮಾಣವಾಗಿ 1971ರ ಯುದ್ಧದಲ್ಲಿಯೂ ಭಾಗವಹಿಸಿದವು, ಆದರೆ ಉದ್ದೇಶಿತ ವೇಗವನ್ನು ಎಂದೂ ಮುಟ್ಟಲಿಲ್ಲ. ಚೌಕಟ್ಟು ನಮ್ಮದು, ಎಂಜಿನ್ ಪರರದು ಎಂಬ ಕೊರತೆ ಎಚ್‌ಟಿ-2 ವಿಮಾನದಲ್ಲಿಯೂ ಇತ್ತು. ಅಲ್ಲಿ ಅದು ತೊಂದರೆ ಕೊಡಲಿಲ್ಲ, ಏಕೆಂದರೆ ಸಣ್ಣ ಎಂಜಿನ್‌ಗಳನ್ನು ಯಾವ ದೇಶವೂ ಮಾರುತ್ತದೆ.

ಇದೇ ವೇಳೆಯಲ್ಲಿ ಘಾಟಗೆಯವರ ನೇತೃತ್ವದಲ್ಲಿ ಭಾರತೀಯ ತಂಡ ತನ್ನ ಮುಂದಿನ ಮೆಟ್ಟಿಲನ್ನು ಹತ್ತುತ್ತಿತ್ತು. ಅದು ಕಿರಣ್ ಎಂಬ ಜೆಟ್ ತರಬೇತಿ ವಿಮಾನ. ವೈಪರ್ ಎಂಜಿನ್ ಹೊಂದಿದ, ಗುರುಶಿಷ್ಯರು ಅಕ್ಕಪಕ್ಕದಲ್ಲಿ ಕೂರುವ ಈ ವಿಮಾನ 1964ರ ಸೆಪ್ಟೆಂಬರ್ 4ರಂದು ಮೊದಲು ಹಾರಿತು. 1968ರಿಂದ ವಾಯುಪಡೆಗೆ ಸೇರತೊಡಗಿತು. ನಂತರದ ಮಾದರಿಯನ್ನೂ ಸೇರಿಸಿ ಸುಮಾರು 190 ಕಿರಣ್‌ಗಳು ತಯಾರಾದವು. 1996ರಲ್ಲಿ ಆರಂಭವಾದ ಸೂರ್ಯಕಿರಣ್ ವೈಮಾನಿಕ ಪ್ರದರ್ಶನ ತಂಡ 2011ರವರೆಗೆ ಬಳಸಿದ್ದು ಇದೇ ವಿಮಾನವನ್ನು. ಯಲಹಂಕದ ಆಕಾಶದಲ್ಲಿ ಒಂಬತ್ತು ವಿಮಾನಗಳು ರೆಕ್ಕೆಗೆ ರೆಕ್ಕೆ ತಾಗಿಸಿದಂತೆ ಸಾಗುವುದನ್ನು ಕಂಡು ಬೆರಗಾದವರು ಅಸಂಖ್ಯ.

1964ರ ಅಕ್ಟೋಬರ್ 1ರಂದು ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸಂಸ್ಥೆ ಏರೋನಾಟಿಕ್ಸ್ ಇಂಡಿಯಾ ಸಂಸ್ಥೆಯೊಡನೆ ವಿಲೀನಗೊಂಡು ಹಿಂದೂಸ್ತಾನ್ ಏರೋನಾಟಿಕ್ಸ್ ಲಿಮಿಟೆಡ್ ಆಯಿತು. 1965ರಲ್ಲಿ ಭಾರತ ಸರ್ಕಾರ ಘಾಟಗೆಯವರಿಗೆ ಪದ್ಮಶ್ರೀ ಪ್ರಶಸ್ತಿ ನೀಡಿತು.

ಎರಡು ಎಂಜಿನ್‌ಗಳ ಲಘು ವಿಮಾನ

ಘಾಟಗೆಯವರ ಲಘು ವಿಮಾನಗಳೆಲ್ಲವೂ ಒಂದೇ ಎಂಜಿನ್‌ನವು. ಹತ್ತಾರು ಮಂದಿಯನ್ನು ಒಯ್ಯುವ, ರೋಗಿಯನ್ನು ಆಸ್ಪತ್ರೆಗೆ ಸಾಗಿಸುವ, ಅಧಿಕಾರಿಗಳನ್ನು ಗಡಿಠಾಣೆಗೆ ತಲುಪಿಸುವ ಕೆಲಸಕ್ಕೆ ಎರಡು ಎಂಜಿನ್ ಬೇಕು. ಒಂದು ನಿಂತರೂ ಇನ್ನೊಂದರಿಂದ ಹಾರಿ ಇಳಿಯಬಹುದು. ಆ ವರ್ಗದ ವಿಮಾನಗಳನ್ನು ಭಾರತ ಬಹುಕಾಲ ಹೊರಗಿನಿಂದ ತರಿಸಿಕೊಂಡಿತು, ಇಲ್ಲವೆ ಪರವಾನಗಿ ಪಡೆದು ತಯಾರಿಸಿತು. ಬ್ರಿಟನ್ನಿನ ಡವ್ ವಿಮಾನದ ಸೇನಾ ರೂಪವಾದ ಡೆವನ್ ವಾಯುಪಡೆಯಲ್ಲಿತ್ತು. ಕಾನ್ಪುರದಲ್ಲಿ 1980ರ ದಶಕದಿಂದ ಜರ್ಮನ್ ವಿನ್ಯಾಸದ ಡಾರ್ನಿಯರ್ 228 ತಯಾರಾಗಿ ಕರಾವಳಿ ಕಾವಲಿಗೂ ಪ್ರಯಾಣಿಕರಿಗೂ ಒದಗಿತು.

ಸ್ವಂತ ವಿನ್ಯಾಸ ಬಂದದ್ದು ಘಾಟಗೆಯವರ ಕಾಲ ಕಳೆದ ಮೇಲೆ, ಬೆಂಗಳೂರಿನದೇ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದಿಂದ. ಹಿಮ್ಮುಖವಾಗಿ ಕೂರಿಸಿದ ಎರಡು ಪ್ರೊಪೆಲರ್‌ಗಳು ಹಿಂದಿನಿಂದ ನೂಕುವ, 14 ಆಸನಗಳ ಸಾರಸ್ 2004ರ ಮೇ 29ರಂದು ಹಾರಿತು. 2009ರ ಮಾರ್ಚ್ 6ರಂದು ಅದರ ಎರಡನೆಯ ಮೂಲಮಾದರಿ ಬಿಡದಿಯ ಬಳಿ ಪರೀಕ್ಷಾ ಹಾರಾಟದಲ್ಲಿ ಪತನವಾಗಿ ವಾಯುಪಡೆಯ ಮೂವರು ಅಧಿಕಾರಿಗಳು ಪ್ರಾಣ ಕಳೆದುಕೊಂಡರು. ಯೋಜನೆ ವರ್ಷಗಳ ಕಾಲ ನಿಂತು, ಮಾರ್ಪಡಿಸಿದ ವಿಮಾನ 2018ರ ಜನವರಿಯಲ್ಲಿ ಮತ್ತೆ ಹಾರಿತು. 1951ರಲ್ಲಿ ಮೂರು ವರ್ಷಗಳಲ್ಲಿ ಕಾಗದದಿಂದ ಆಕಾಶಕ್ಕೆ ಏರಿದ ಎಚ್‌ಟಿ-2 ವಿಮಾನವನ್ನು ಇದರ ಪಕ್ಕದಲ್ಲಿಟ್ಟು ಹೋಲಿಸುವುದು ಪೂರ್ತಿ ನ್ಯಾಯವಲ್ಲ. ಸುರಕ್ಷತೆಯ ನಿಯಮಗಳು ಈಗ ಬಹಳ ಕಠಿಣ. ಆದರೂ ಹೋಲಿಕೆ ಮನಸ್ಸಿಗೆ ಬಾರದಿರದು.

ನಿಧನ ಮತ್ತು ಸ್ಮರಣೆ

ಘಾಟಗೆಯವರು 1991ರ ಡಿಸೆಂಬರ್ 6ರಂದು ನಿಧನರಾದರು. ಆಗ ಅವರಿಗೆ 83 ವರ್ಷ. ವೈಮಾನಿಕ ಕ್ಷೇತ್ರದ ಸಾಧಕರಿಗೆ ಭಾರತೀಯ ವೈಮಾನಿಕ ಸಂಘ ಅವರ ಹೆಸರಿನಲ್ಲಿ ಪ್ರಶಸ್ತಿಯೊಂದನ್ನು ನೀಡುತ್ತದೆ. ಬೆಂಗಳೂರಿನ ಎಚ್‌ಎಎಲ್ ಆವರಣದ ಸಮಾವೇಶ ಭವನಕ್ಕೆ ಡಾ. ಘಾಟಗೆ ಭವನವೆಂದು ಹೆಸರಿಡಲಾಗಿದೆ. ಅದರ ಬಳಿಯಲ್ಲೇ ಹಾಯುವ ರಸ್ತೆಗೆ, ಕಿರಣ್ ಮತ್ತು ಮಾರುತ್ ವಿಮಾನಗಳನ್ನು ಮೊದಲು ಹಾರಿಸಿ, 1970ರ ಜನವರಿಯಲ್ಲಿ ಮಾರುತ್ ಅಪಘಾತದಲ್ಲಿ ಮಡಿದ ಸುರಂಜನ್ ದಾಸ್ ಅವರ ಹೆಸರಿದೆ. ವಿಮಾನ ನಿಲ್ದಾಣದ ಹಳೆಯ ರಸ್ತೆಯಲ್ಲಿರುವ ಎಚ್‌ಎಎಲ್ ವಸ್ತುಸಂಗ್ರಹಾಲಯ 2001ರಲ್ಲಿ ಆರಂಭವಾಯಿತು. ಬೆಂಗಳೂರಿನಲ್ಲಿ ನಿರ್ಮಾಣವಾದ ಹಳೆಯ ವಿಮಾನಗಳನ್ನು ಶಾಲಾ ಮಕ್ಕಳು ಅಲ್ಲಿ ಹತ್ತಿರದಿಂದ ನೋಡಬಹುದು.